ಬಿಳಿ ಕ್ಯಾನಿನ ಪುಂಡಿಪಲ್ಯ

ಜಯವ್ವ ಯಾವುದನ್ನೂ ಬಿಸಾಡುವ ಹೆಂಗಸಲ್ಲ. ತಳ ಸುಟ್ಟ ಕುಕ್ಕರಿನಲ್ಲಿ ಮೆಂತ್ಯ ಬೆಳೆಸಿದ್ದಾಳೆ. ಸೀಳಿದ ಬಕೀಟಿನಲ್ಲಿ ಬದನೆ ನಿಂತಿದೆ. ಮೆಣಸಿನಕಾಯಿ ತುಂಬಿ ತುಂಬಿ ಹರಿದ ಗೋಣಿಚೀಲಕ್ಕೆ ಮಣ್ಣು ಹಾಕಿ ಪುದೀನಾ ಹಚ್ಚಿದ್ದಾಳೆ. ಓಣಿಯ ಆಡು ಒಂದು ಸಲ ಅದಕ್ಕೆ ಮೂತಿ ಇಟ್ಟು, ಸೀನಿ, ಓಡಿಹೋದದ್ದು ಮತ್ತೆ ಆ ಕಡೆ ತಲೆ ಹಾಕಿಲ್ಲ. ಹಳೆಯ ಸೀರೆ ಸೀಳಿ ಹೊಸೆದ ಹಗ್ಗದ ಮೇಲೆ ಅವರೆ ಬಳ್ಳಿ ಹಬ್ಬಿ ಪಾಯಖಾನೆಯ ತಗಡಿನ ತನಕ ಹೋಗಿದೆ. ಗಂಡ ಬೀರಲಿಂಗಪ್ಪ ಶೀತಲಗೃಹದ ಕಾವಲುಗಾರ. ಅವನ ಬಾಯಿ ಬಿಟ್ಟ ಬೂಟನ್ನೂ ಬಿಡದೆ ಅದರಲ್ಲಿ ಕೊತ್ತಂಬರಿ ಹಾಕಿದ್ದಳು.

"ಆ ಕೊತ್ತಂಬರಿ ಹಾಕಿದ ಸಾರು ನಾ ಉಣ್ಣಂಗಿಲ್ಲ ನೋಡು," ಎಂದಿದ್ದ ಬೀರಲಿಂಗಪ್ಪ. "ನನ್ನ ಕಾಲಿನ ಸಂಗತಿ ನನಗ ಗೊತ್ತೈತಿ."

"ಆ ಕಾಲುಚೀಲ ತೊಳದಾಕಿ ನಾನು. ನನಗೂ ಗೊತ್ತೈತಿ. ಸುಮ್ಮನ ಉಣ್ರಿ."

ಈಗ ಮೊಬೈಲು ತೆರೆದರೆ ಸಾಕು, ಇದನ್ನೇ ಒಂದು ದೊಡ್ಡ ವಿದ್ಯೆ ಎಂಬಂತೆ ಕಲಿಸುವವರು ಕಾಣುತ್ತಾರೆ. ಮನೆಯ ಹಳೆಯ ಡಬ್ಬಿ ಬಿಸಾಡಬೇಡಿ, ಅದರಲ್ಲೇ ತೋಟ ಮಾಡಿ ಎನ್ನುತ್ತಾರೆ. ಹಿಂದೆ ಸಂಗೀತ, ಮುಂದೆ ನಗುಮುಖ. ಬ್ಯಾಡಗಿಯ ಜಯವ್ವನಂಥವರು ಅದನ್ನು ಯಾರೂ ಹೇಳಿಕೊಡದೆ ಮಾಡಿಕೊಂಡೇ ಬಂದಿದ್ದಾರೆ, ಏಕೆಂದರೆ ಹೊಸ ಕುಂಡ ಕೊಳ್ಳುವ ಮಾತು ಅವರ ಮನೆಯಲ್ಲಿ ಹುಟ್ಟುವುದೇ ಇಲ್ಲ. ಆದರೆ ಯಾವ ಡಬ್ಬಿಯಲ್ಲಿ ಉಣ್ಣುವ ಸೊಪ್ಪು ಬೆಳೆಯಬಾರದು ಎಂದು ಆ ನಗುಮುಖದವರು ಹೇಳುವುದಿಲ್ಲ. ಡಬ್ಬಿ ಮಾಡಿದವರು ಹೇಳುವುದಿಲ್ಲ. ಡಬ್ಬಿ ಮಾರಿದವರು ಹೇಳುವುದಿಲ್ಲ. ಜಯವ್ವನಿಗೆ ಅದು ತಿಳಿದದ್ದು ಪಕ್ಕದ ಮನೆಯ ಬಸುರಿ ತಿಂಗಳುಗಟ್ಟಲೆ ಆ ಸೊಪ್ಪು ತಿಂದ ಮೇಲೆ.

ಜಯವ್ವನ ಕೆಲಸ ಮೆಣಸಿನಕಾಯಿ ತೊಟ್ಟು ಬಿಡಿಸುವುದು. ಮದುವೆಯಾಗಿ ಬ್ಯಾಡಗಿಗೆ ಬಂದ ವರ್ಷದಿಂದ ಅದೇ. ತಲೆಗೆ ಸೆರಗು, ಮೂಗಿಗೆ ಅರಿವೆ ಕಟ್ಟಿಕೊಂಡು, ಕೆಂಪು ರಾಶಿಯ ಮುಂದೆ ಕುಂತರೆ ಸಂಜೆಗೆ ಏಳುವುದು. ಮೊದಲ ದಿನಗಳಲ್ಲಿ ಕೆಮ್ಮು, ಸೀನು, ಕಣ್ಣೀರು. ಆಮೇಲೆ ಒಂದೊಂದೇ ನಿಲ್ಲುತ್ತದೆ. ಅಭ್ಯಾಸವಾಯಿತು ಎಂದು ಹೆಂಗಸರು ಹೇಳಿಕೊಳ್ಳುತ್ತಾರೆ. ಅಭ್ಯಾಸವಲ್ಲ, ಮೂಗು ಸತ್ತಿರುತ್ತದೆ. ಹಾಲು ಒಡೆದರೆ ಜಯವ್ವನಿಗೆ ತಿಳಿಯುವುದು ಕಣ್ಣಿನಿಂದ. ಒಲೆಯ ಮೇಲೆ ಪಲ್ಯ ಹೊತ್ತಿದರೆ ತಿಳಿಯುವುದು ಹೊಗೆ ಎದ್ದ ಮೇಲೆ. ಅದನ್ನು ಒಂದು ಕುಂದು ಎಂದು ಅವಳು ಎಂದೂ ಎಣಿಸಿರಲಿಲ್ಲ. ಜೊತೆಗೆ ಕುಂದರುವ ಎಲ್ಲರ ಮೂಗೂ ಅಂಥದ್ದೇ. ಗೋಡೆಯಾಚೆಯ ಉಚ್ಚಂಗೆವ್ವನದೂ.

ಉಚ್ಚಂಗೆವ್ವ ಜಯವ್ವನಿಗಿಂತ ನಾಲ್ಕಾರು ವರ್ಷಕ್ಕೆ ದೊಡ್ಡವಳು. ಇಬ್ಬರೂ ಒಂದೇ ಅಂಗಡಿಯಲ್ಲಿ, ಒಂದೇ ರಾಶಿಗೆ ಕೈ ಹಾಕಿದವರು. ಇಬ್ಬರ ಹಿತ್ತಲ ನಡುವೆ ಸೊಂಟದೆತ್ತರದ ಗೋಡೆ. ಅದರ ಮೇಲಿಂದ ಸಾರಿನ ಬಟ್ಟಲು, ಮಜ್ಜಿಗೆ, ಬೈಗುಳ ಎಲ್ಲ ಆ ಕಡೆ ಈ ಕಡೆ ಓಡಾಡಿವೆ. ಉಚ್ಚಂಗೆವ್ವನ ಮಗಳು ಕಾವೇರಿಯನ್ನು ಹಲಗೇರಿಗೆ ಕೊಟ್ಟಿದ್ದರು. ಅಳಿಯ ಲಾರಿ ಓಡಿಸುವವನು, ಮನೆಯಲ್ಲಿ ನೋಡಿಕೊಳ್ಳುವವರಿಲ್ಲ. ಅದಕ್ಕೆ ಐದು ತಿಂಗಳು ತುಂಬುವುದರೊಳಗೇ ಅವಳನ್ನು ತವರಿಗೆ ಕರೆತಂದಿದ್ದರು. ಕಾವೇರಿಗೆ ಹುಳಿಯ ಬಯಕೆ. ಅದೂ ಹುಳಿ ಸೊಪ್ಪಿನ ಪುಂಡಿಪಲ್ಯವೇ ಆಗಬೇಕು. ಬರೀ ಪಲ್ಯ ಸಾಲದು. ಗೋಡೆಗೆ ಒರಗಿ, ಗಿಡದಿಂದಲೇ ಕೆಂಪು ದಂಟಿನ ಹಸಿ ಎಲೆ ಹರಿದು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚುತ್ತಿದ್ದಳು.

"ಆಡು ಬರೂದ ಬಿಟ್ಟೈತಿ ಅಂತ ಸಮಾಧಾನ ಇತ್ತು. ಈಗ ನೀ ಬಂದಿ," ಎನ್ನುತ್ತಿದ್ದಳು ಜಯವ್ವ.

"ಚಿಗವ್ವ, ನಿನ್ನ ಮೊಮ್ಮಗನ ತಿನ್ನಾಕತ್ತಾನ. ನಾ ಏನ್ ಮಾಡಲಿ?"

ಜಯವ್ವನಿಗೆ ಮಕ್ಕಳಿಲ್ಲ. ಆ ಮಾತಿಗೆ ಅವಳು ಇಡೀ ಹಿತ್ತಲನ್ನೇ ಕಿತ್ತು ಕೊಟ್ಟಾಳು.

ಪುಂಡಿಗೆ ಬೇರು ಇಳಿಯಲು ಆಳ ಬೇಕು. ಕುಕ್ಕರು, ಬೂಟು ಸಾಲುವುದಿಲ್ಲ. ಅದಕ್ಕೆ ಅವಳು ಬಳಸಿದ್ದು ಬಿಳಿಯ ಪ್ಲಾಸ್ಟಿಕ್ ಕ್ಯಾನುಗಳನ್ನು. ಆ ಬೇಸಗೆಯಲ್ಲಿ ತವರೂರು ಕುಪ್ಪೇಲೂರಿಗೆ ಹೋದಾಗ ತಮ್ಮ ತಿರಕಪ್ಪನ ಹೊಲದ ಬದುವಿನಲ್ಲಿ ಬಿದ್ದಿದ್ದವು. ತಿರಕಪ್ಪ ಬೀಜಕ್ಕಾಗಿ ಟೊಮ್ಯಾಟೊ ಬೆಳೆಯುವವನು. ಬೀಜದ ಬೆಳೆಗೆ ಒಂದು ಹುಳ ಬೀಳಬಾರದು, ಅದಕ್ಕೆ ಔಷಧ ಹೊಡೆದೇ ಹೊಡೆಯುತ್ತಾನೆ. ಹುಳಕ್ಕೆ ಹಾಕುವ ವಿಷವನ್ನು ಔಷಧ ಎನ್ನುವ ನಾಡು ನಮ್ಮದು. ಅವು ಔಷಧದ ಕ್ಯಾನು ಎಂದು ಜಯವ್ವನಿಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿತ್ತು. ಆದರೆ ಆ ಊರಿನಲ್ಲಿ ಹೊಲಕ್ಕೆ ಹೋಗುವವರ ಸೈಕಲ್ಲಿಗೆ ಕುಡಿಯುವ ನೀರು ತುಂಬಿ ತೂಗುಹಾಕಿದ್ದೂ ಅಂಥದೇ ಕ್ಯಾನು. ಚಿಮಣಿ ಎಣ್ಣೆಗೆ ಅದೇ, ಮಜ್ಜಿಗೆಗೂ ಅದೇ. ಚಿಕ್ಕಂದಿನಿಂದ ನೋಡಿದ್ದು.

"ತೊಳದೇನಿ ಯಕ್ಕಾ, ಹಳ್ಳದಾಗ. ಎಲ್ಲಾ ಒಯ್ಯಿ," ಎಂದಿದ್ದ ತಿರಕಪ್ಪ. ಚೆಂದ ಕಾಣಲೆಂದು ಮೇಲಿನ ಚೀಟಿಗಳನ್ನೂ ಅವನೇ ಹರಿದಿದ್ದ. ಒಂದರ ಮೇಲೆ ಮಾತ್ರ ಅರ್ಧ ಉಳಿದಿತ್ತು. ನೋಡಲು ಹೊಲಸು ಎಂದು ಜಯವ್ವ ಆ ಮುಖವನ್ನು ಗೋಡೆಯ ಕಡೆ ತಿರುಗಿಸಿ ಇಟ್ಟಳು.

ಎರಡನ್ನು ಮಿಕ್ಕಿಸಿ, ಉಳಿದವುಗಳ ಬಾಯಿಯನ್ನು ಕಾಸಿದ ಚೂರಿಯಿಂದ ಕೊಯ್ದಳು. ಕಾಸಿದ ಮೊಳೆಯಿಂದ ತಳಕ್ಕೆ ತೂತು ಹಾಕಿದಳು. ಒಳಗೆ ಮೂಲೆಯಲ್ಲಿ ಏನೋ ಜಿಡ್ಡು ಹಳದಿಯಾಗಿ ಅಂಟಿತ್ತು. ನಳದ ನೀರು ಬರುವುದು ವಾರಕ್ಕೊಮ್ಮೆ. ಅದಕ್ಕೆ ಒಂದು ಕೊಡ ನೀರಿನಲ್ಲೇ ಎಲ್ಲ ಕ್ಯಾನುಗಳನ್ನೂ ಗಲಬರಿಸಿದಳು. ಆ ನೀರನ್ನಾದರೂ ಮೋರಿಗೆ ಚೆಲ್ಲಿದಳೇ? ಇಲ್ಲ. ಜಯವ್ವ ಯಾವುದನ್ನೂ ಚೆಲ್ಲುವುದಿಲ್ಲ. ಹೊಸದಾಗಿ ಬೀಜ ಹಾಕಿದ ಅದೇ ಕ್ಯಾನುಗಳಿಗೆ ಹಾಕಿದಳು.

ಪುಂಡಿ ಹುಲುಸಾಗಿ ಬಂತು. ಒಂದು ಎಲೆಗೂ ಹುಳದ ತೂತು ಇರಲಿಲ್ಲ. ಓಣಿಯ ಹೆಂಗಸರು ಬಂದು ನೋಡಿ ಕೈಗುಣ ಎಂದರು.

ಕಾವೇರಿ ಬಂದ ಹೊಸತರಲ್ಲಿ ಒಮ್ಮೆ ಗೋಡೆಯ ಬಳಿ ನಿಂತು ಮೂಗು ಮುಚ್ಚಿಕೊಂಡಿದ್ದಳು. "ಚಿಗವ್ವ, ಇಲ್ಲಿ ಏನೋ ನಾರತೈತಿ. ಔಷಧ ಹೊಡದ ಹೊಲದಾಗ ಬರತೈತಲ್ಲ, ಹಂಗ."

ಜಯವ್ವ ಮೂಗು ಏರಿಸಿ ನೋಡಿದಳು. ಏನೂ ಇಲ್ಲ. ಉಚ್ಚಂಗೆವ್ವನೂ ಗೋಡೆಗೆ ಬಗ್ಗಿ ನೋಡಿದಳು. ಏನೂ ಇಲ್ಲ.

"ಬಸುರಿ ಮೂಗಿಗೆ ದೇವರ ಊದಿನಕಡ್ಡೀನೂ ನಾರತೈತಿ," ಎಂದಳು ಉಚ್ಚಂಗೆವ್ವ. "ನಿನ್ನ ಹೊಟ್ಟಿಯೊಳಗಿದ್ದಾಗ ನನಗ ನಿಮ್ಮಪ್ಪನ ನಾರತಿದ್ದ."

ಮೂವರೂ ನಕ್ಕರು. ಆ ಎರಡು ಹಿತ್ತಲಲ್ಲಿ ಸರಿಯಿದ್ದ ಮೂಗು ಅದೊಂದೇ. ಅದು ಹೇಳಿದ್ದು ನಗೆಯಲ್ಲಿ ಹೋಯಿತು. ಕೆಲವು ದಿನಕ್ಕೆ ಕಾವೇರಿಯೂ ಅದನ್ನು ಹೇಳುವುದು ಬಿಟ್ಟಳು. ಬಯಕೆ ವಾಸನೆಗಿಂತ ದೊಡ್ಡದಾಯಿತು.

ಏಳನೇ ತಿಂಗಳಿನ ಕುಬಸಕ್ಕೆ ದಿನ ಗೊತ್ತಾಯಿತು. ಕುಬಸವೆಂದರೆ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಉಡಿ ತುಂಬುವುದು. ಆಪ್ತರ ಮನೆಮನೆಯಿಂದ ಅವಳಿಗೆ ಇಷ್ಟವಾದದ್ದನ್ನು ಮಾಡಿ ಬುತ್ತಿ ತರುವುದು. ಜಯವ್ವನ ಪಾಲಿಗೆ ಬಂದದ್ದು ಸಜ್ಜಿ ರೊಟ್ಟಿ, ಪುಂಡಿಪಲ್ಯ. ಬೇರೆ ಏನು ಬರಬೇಕು?

ಆ ವಾರವೇ ಕಾವೇರಿಗೆ ಮೈ ಸರಿಯಿರಲಿಲ್ಲ. ಹೊಟ್ಟೆ ಹಿಂಡುತ್ತದೆ ಎಂದಳು. ಬಾಯಲ್ಲಿ ಒಂದೇ ಸಮನೆ ನೀರು ಬರುತ್ತಿತ್ತು. ಹಣೆಯ ಮೇಲೆ ಬೆವರು, ಕಣ್ಣು ಮಂಜು. ಊರಿನ ಡಾಕ್ಟರು ನಿಶ್ಶಕ್ತಿ ಎಂದು ಸಲಾಯಿನ್ ಏರಿಸಿ ಕಳಿಸಿದರು. ಬಸುರಿ ಎಂದ ಮೇಲೆ ಇದ್ದದ್ದೇ ಎಂದರು ಎಲ್ಲರೂ. ಬಸುರಿ ಎಂಬ ಒಂದು ಮಾತಿನ ಕೆಳಗೆ ನಾವು ಎಷ್ಟು ಸಂಗತಿಗಳನ್ನು ನೋಡದೆ ಮುಚ್ಚಿಡುತ್ತೇವೆ!

ಜಯವ್ವನೂ ಹಾಗೇ ಮುಚ್ಚಿಡುತ್ತಿದ್ದಳೇನೋ. ಆದರೆ ಕುಬಸಕ್ಕೆ ಮಂದಿ ಬರುತ್ತಾರೆ, ಹಿತ್ತಲು ಹಸನಾಗಿರಲಿ ಎಂದು ಒಂದು ಕ್ಯಾನನ್ನು ಎತ್ತಿ ಮಣ್ಣು ಬದಲಿಸಲು ಹೋದಳು. ಮಣ್ಣು ಅಚ್ಚಿನಿಂದ ಬಿದ್ದಂತೆ ಗಟ್ಟಿಯಾಗಿ ಬಿತ್ತು. ಒಡೆದು ನೋಡಿದಳು. ಒಂದೇ ಒಂದು ಎರೆಹುಳ ಇಲ್ಲ. ಬಚ್ಚಲು ಮೋರಿಯ ಕೆಸರಿನಿಂದ ಹುಳ ಆಯ್ದು ಪ್ರತಿಯೊಂದಕ್ಕೂ ತಾನೇ ಬಿಟ್ಟಿದ್ದಳು. ಕುಕ್ಕರಿನ ಮಣ್ಣು ಕೆದರಿದಳು, ಹುಳ ಇತ್ತು. ಮೆಣಸಿನಕಾಯಿ ಚೀಲದಲ್ಲೂ ಇದ್ದವು, ದಪ್ಪಗೆ. ಬೂಟಿನಲ್ಲಿ ಸಹ ಒಂದು ಹೊರಳಿತು. ಬಿಳಿ ಕ್ಯಾನುಗಳನ್ನು ಒಂದೊಂದಾಗಿ ಬೋರಲು ಹಾಕುತ್ತ ಹೋದಳು. ಯಾವುದರಲ್ಲೂ ಇಲ್ಲ. ಕೊನೆಯ ಕೆಲವನ್ನು ಬೋರಲು ಹಾಕಲು ಅವಳಿಗೆ ಕೈ ಬರಲಿಲ್ಲ.

ಮಣ್ಣು ಮೆತ್ತಿದ ಕೈಯಲ್ಲೇ ತಮ್ಮನಿಗೆ ಫೋನು ಹಚ್ಚಿದಳು.

"ತಮ್ಮಾ, ಆ ಕ್ಯಾನ್ ಹೆಂಗ್ ತೊಳದಿದ್ದಿ?"

"ಯಾವ ಕ್ಯಾನಬೇ? ಈಗ್ಯಾಕ ಅದು?"

"ಮುಚ್ಚಳ ತಗದ ತೊಳದ್ಯೋ, ಹಂಗ ಮುಳುಗಿಸಿದ್ಯೋ?"

ತಿರಕಪ್ಪ ನಕ್ಕ. "ಬ್ಯಾಸಗ್ಯಾಗ ಹಳ್ಳದಾಗ ನೀರ ಎಲ್ಲಿತ್ತಬೇ? ಮ್ಯಾಲ ಒರಸಿದ್ದೆ. ನೀ ತೊಳಕೋತಿ ಅಂತ ಬಿಟ್ಟೆ. ಯಾಕ, ಗಿಡ ಸತ್ತುವೇನ?"

"ಗಿಡ ಚಲೋ ಅದಾವ," ಎಂದಳು ಜಯವ್ವ. ಫೋನು ಇಟ್ಟಳು.

ಮರುದಿನ ಕೆಲಸಕ್ಕೆ ಹೋಗಲಿಲ್ಲ. ಅರ್ಧ ಚೀಟಿ ಉಳಿದ ಕ್ಯಾನನ್ನು ಕೈಚೀಲದಲ್ಲಿ ಹಾಕಿಕೊಂಡು ರಾಣೆಬೆನ್ನೂರಿನ ಬಸ್ಸು ಹತ್ತಿದಳು. ತಮ್ಮ ಔಷಧ ತರುವ ಅಂಗಡಿ ಅವಳಿಗೆ ಗೊತ್ತಿತ್ತು. ಅಂಗಡಿಯ ಹನುಮೇಶ ರೈತರ ನಡುವೆ ನಿಂತು ಒಬ್ಬನಿಗೆ ಡಬ್ಬಿ ಕೊಡುತ್ತ, ಇನ್ನೊಬ್ಬನಿಗೆ ಉತ್ತರ ಹೇಳುತ್ತಿದ್ದ. ಗದ್ದಲ ಕಡಿಮೆಯಾಗಲಿ ಎಂದು ಅವಳು ಕಟ್ಟೆಯ ಮೇಲೆ ಕುಂತಳು. ಆಮೇಲೆ ಚೀಲ ಬಿಚ್ಚಿ ತೋರಿಸಿದಳು.

ಹನುಮೇಶ ಚೀಟಿಯ ಮೂಲೆ ನೋಡಿದ. ಅಲ್ಲಿ ಒಂದು ಕೆಂಪು ತ್ರಿಕೋನ ಇತ್ತು. ಕ್ಯಾನಿನೊಳಗೆ ಅಂಟಿದ್ದ ಮಣ್ಣು, ಒಂದು ಬಿಳಿ ಬೇರಿನ ಎಳೆ ನೋಡಿದ.

"ಇದರಾಗ ಏನ ಹಚ್ಚಿದ್ರಿ ಯವ್ವಾ?"

"ಪುಂಡಿ."

"ತಿನ್ನಾಕ?"

"ಮತ್ಯಾಕ ಹಚ್ಚತಾರ್ರಿ ಅಣ್ಣಾರ, ಪೂಜಿಗೇನ?" ಎಂದಳು. ಹೆದರಿಕೆಯಲ್ಲಿ ಬಂದ ಗಡಸು ಅದು. ತಕ್ಷಣ ದನಿ ಇಳಿಸಿದಳು. "ಒಬ್ಬ ಬಸುರಿ ತಿಂದ್ರ ಏನಾಗತೈತ್ರಿ?"

"ಯಾರ ತಿಂದಾರ?"

"ಯಾರೂ ಇಲ್ಲ. ಸುಮ್ಮನ ಕೇಳಿದೆ."

ಹನುಮೇಶ ಆ ತ್ರಿಕೋನದ ಮೇಲೆ ಬೆರಳಿಟ್ಟ. "ಇದು ಕೆಂಪು ಗುರುತಿಂದು. ಭಾಳ ಜಹಾಲ್ ವಿಷ. ಸೊಪ್ಪಿನ್ಯಾಗ ಎಷ್ಟ್ ಇಳದೈತಿ ಅಂತ ನಾ ಹೇಳಾಕ ಆಗಂಗಿಲ್ಲ, ಯಾರೂ ಹೇಳಾಕ ಆಗಂಗಿಲ್ಲ. ಆದ್ರ ಯಾರರೆ ತಿಂದಿದ್ರ, ಈ ಚೀಟಿ ಡಾಕ್ಟರಿಗೆ ತೋರಸ್ರಿ. ಯಾವ ಔಷಧ ಅಂತ ಗೊತ್ತಾದ್ರ ಅವರಿಗೆ ಅರ್ಧ ಕೆಲಸ ಆಗತೈತಿ. ಲಗೂ ತೋರಸ್ರಿ."

"ಮನ್ಯಾಗ ಇನ್ನೂ ಅದಾವ. ತಂದ್ರ ತಗೋತೀರೇನ?"

"ಖಾಲಿ ತಗೊಳ್ಳೂ ಪದ್ಧತಿ ನಮ್ಮಲ್ಲಿ ಇಲ್ಲರಿ."

ಈ ಒಂದು ವಾಕ್ಯವನ್ನು ನಿಲ್ಲಿಸಿ ನೋಡಬೇಕು. ತುಂಬಿದ್ದನ್ನು ಹೊಲದ ಬದುವಿನ ತನಕ ತಲುಪಿಸಲು ಬಣ್ಣದ ಜಾಹೀರಾತು ಇದೆ, ಊರೂರು ತಿರುಗುವ ಜೀಪು ಇದೆ, ಹೆಚ್ಚು ಮಾರಿದವನಿಗೆ ಪ್ರವಾಸ ಇದೆ. ಖಾಲಿಯಾದದ್ದನ್ನು ವಾಪಸು ತರಲು ಒಂದು ಗೋಣಿಚೀಲವೂ ಇಲ್ಲ. ಚೀಟಿಯ ಮೇಲೆ ಇರುವೆ ಕಾಲಿನಷ್ಟು ಅಕ್ಷರದಲ್ಲಿ 'ಬಳಸಿದ ನಂತರ ನಾಶಪಡಿಸಿ' ಎಂದು ಬರೆದು ಕೈ ತೊಳೆದುಕೊಂಡಿದ್ದಾರೆ. ಯಾರು ನಾಶಪಡಿಸಬೇಕು? ಎಲ್ಲಿ? ಹಳ್ಳದಲ್ಲಿ ನೀರೇ ಇಲ್ಲದ ಕುಪ್ಪೇಲೂರಿನವನು? ವಾರಕ್ಕೊಮ್ಮೆ ನಳ ಬರುವ ಬ್ಯಾಡಗಿಯವಳು?

ಬಸ್ಸಿನಲ್ಲಿ ವಾಪಸು ಬರುವಾಗ ಜಯವ್ವ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಳ್ಳಲಿಲ್ಲ, ಕಾಲ ಬಳಿ ಇಟ್ಟಳು. ಪಕ್ಕದಲ್ಲಿ ಒಂದು ಕೂಸಿನ ತಾಯಿ ಬಂದು ಕುಂತಳು. ಜಯವ್ವ ಎದ್ದು ಹಿಂದೆ ಹೋಗಿ ನಿಂತಳು. ಮೋಟೇಬೆನ್ನೂರು ದಾಟುವ ತನಕ ಅವಳ ತಲೆಯಲ್ಲಿ ಓಡಿದ್ದು ಒಂದೇ: ಇಳಿದ ಕೂಡಲೇ ಉಚ್ಚಂಗೆವ್ವನ ಮನೆಗೆ ಹೋಗಿ ಹೇಳಬೇಕು. ಇಳಿದಳು. ಹೋದಳು. ಒಳಗೆ ಹೋಳಿಗೆಗೆ ಬೇಳೆ ಆರಿಸುತ್ತಿದ್ದರು. ಕಾವೇರಿ ಗೋಡೆಗೆ ಒರಗಿ ಕುಂತು ನಗುತ್ತಿದ್ದಳು, ಮೈ ಸ್ವಲ್ಪ ಹಗುರಾಗಿತ್ತು. ಉಚ್ಚಂಗೆವ್ವ ಚಹಾ ಕೊಟ್ಟಳು. ಜಯವ್ವ ಕುಡಿದಳು. ಲೋಟ ತೊಳೆದಿಟ್ಟು ಮನೆಗೆ ಬಂದಳು.

ಸಂಜೆ ಬೀರಲಿಂಗಪ್ಪನಿಗೆ ಹೇಳಿದಳು.

"ಈಗ ಹೇಳಿದ್ರ ಏನ್ ಬಂತು?" ಎಂದ ಅವನು. "ತಿಂದದ್ದು ಹೊರಗ ಬರತೈತೇನ? ನಾಳಿಗಿ ಕುಬಸ. ಆ ಹುಡುಗಿ ಹೆದರಿ ಏನರೆ ಆತಂದ್ರ? ಸುಮ್ಮನ ಕಿತ್ತು ಒಗದ ಬಿಡು. ಹುಳ ಬಿತ್ತು ಅಂತ ಹೇಳು."

"ಹುಳ ಬೀಳೂದ್ ಇಲ್ಲಲ್ರಿ ಅದಕ್ಕ. ಅದ ಸಂಕಟ ನೋಡ್ರಿ."

"ಚೇಷ್ಟಿ ಮಾಡಬ್ಯಾಡ."

"ಚೇಷ್ಟಿ ಅಲ್ಲ. ಡಾಕ್ಟರಿಗೆ ತೋರಸ್ರಿ ಅಂದಾನ ಅಂವಾ."

"ನಿನ್ನ ಮ್ಯಾಲ ಕೇಸ್ ಹಾಕಿದ್ರ? ನಿನ್ನ ತಮ್ಮನ ಮ್ಯಾಲ ಹಾಕಿದ್ರ?" ಬೀರಲಿಂಗಪ್ಪ ಕೆಟ್ಟವನಲ್ಲ. ಹೆದರಿದವನು. ಹೆದರಿದವರ ಬುದ್ಧಿ ಮೊದಲು ಓಡುವುದು ತನ್ನ ಮನೆಯ ಕಡೆಗೇ. "ಉಚ್ಚಂಗೆವ್ವ ನಿನ್ನ ಮಾರಿ ನೋಡತಾಳೇನ ಆಮ್ಯಾಲ?"

ಅದೊಂದು ಮಾತು ಜಯವ್ವನನ್ನು ಕಟ್ಟಿಹಾಕಿತು. ಉಳಿದ ಗಿಡಗಳನ್ನು ಕಿತ್ತರೆ ಯಾಕೆ ಕಿತ್ತೆ ಎಂದು ಕೇಳುತ್ತಾರೆ. ಬಿಟ್ಟರೆ ಕಾವೇರಿ ಗೋಡೆಗೆ ಬರುತ್ತಾಳೆ. ಅದಕ್ಕೆ ಕೀಳಲೂ ಇಲ್ಲ, ಬಿಡಲೂ ಇಲ್ಲ. ಹಳೆಯ ಗೋಣಿಚೀಲ ಹೊದಿಸಿ ಕಲ್ಲು ಹೇರಿದಳು. ನಾಳೆ ಕುಬಸ ಆಗಲಿ, ಆದ ಮೇಲೆ ಹೇಳುತ್ತೇನೆ ಎಂದುಕೊಂಡಳು. ಪೇಟೆಯಿಂದ ಬದನೆಕಾಯಿ ತಂದು ಎಣ್ಣೆಗಾಯಿ ಮಾಡಿದಳು.

ಕುಬಸದ ಮುಂಜಾನೆ ಉಚ್ಚಂಗೆವ್ವನ ಮನೆ ತುಂಬಿತ್ತು. ಕಾವೇರಿ ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕುಂತಿದ್ದಳು. ಬಳೆಗಾರ್ತಿ ಸಿಮ್ರಾನ ಅವಳ ಕೈ ಹಿಡಿದು ಒಂದೊಂದೇ ಬಳೆ ಏರಿಸುತ್ತಿದ್ದಳು. ಜಯವ್ವ ಬುತ್ತಿ ಇಳಿಸಿದ ಕೂಡಲೇ ಉಚ್ಚಂಗೆವ್ವ ಮುಚ್ಚಳ ತೆಗೆದು ನೋಡಿದಳು.

"ಇದೇನ ಜಯವ್ವಾ, ಬದನಿಕಾಯಿ? ಪುಂಡಿಪಲ್ಯ ಎಲ್ಲಿ? ಬಸುರಿ ಬಾಯಿ ತೆರಕೊಂಡ ಕುಂತಾಳ."

"ಹೊತ್ತಿಬಿಡ್ತಕ್ಕಾ. ಗೊತ್ತ ಆಗಲಿಲ್ಲ."

"ನಿನ್ನ ಮೂಗಿನ ಹಣೆಬರಹ!" ಎಂದು ಯಾರೋ ನಕ್ಕರು.

"ಇರಲಿ ಬಿಡ ಚಿಗವ್ವ," ಎಂದಳು ಕಾವೇರಿ, ಬಳೆಗೆ ಕೈ ಸಡಿಲ ಬಿಡುತ್ತ. "ಮುಂಜಾನಿನ ತಿಂದೇನಿ ನಾ. ಅದಕ್ಯಾಕ ಚೀಲ ಹೊಚ್ಚಿದ್ದಿ, ಬಿಸಲಿಗೇನ? ಸಂದ್ಯಾಗ ಕೈ ಹಾಕಿ ಹಿಡಿತುಂಬ ಹರಕೊಂಡೆ. ಇನ್ನೂ ಎರಡ ಎಲಿ ಬಾಯಾಗ ಅದಾವ ನೋಡು." ಕೆನ್ನೆಯನ್ನು ನಾಲಿಗೆಯಿಂದ ಉಬ್ಬಿಸಿ ತೋರಿಸಿದಳು.

ಜಯವ್ವ ಜನರನ್ನು ದಾಟಿ ಹೋದದ್ದು ಯಾರಿಗೂ ತಿಳಿಯಲಿಲ್ಲ. ಕಾವೇರಿಯ ಗದ್ದ ಹಿಡಿದಿದ್ದಳು.

"ಉಗುಳವ್ವಾ. ಉಗುಳು. ಲಗೂ ಉಗುಳು."

"ಚಿಗವ್ವ!"

ಜಯವ್ವ ತನ್ನ ಅಂಗೈ ಒಡ್ಡಿದಳು. ಕಾವೇರಿ ಹೆದರಿ ಅದರೊಳಗೆ ಉಗುಳಿದಳು. ಸಿಮ್ರಾನಳ ಕೈಯಲ್ಲಿ ಬಳೆ ಹಾಗೇ ನಿಂತಿತು. ಉಚ್ಚಂಗೆವ್ವ ಜಯವ್ವನ ರಟ್ಟೆ ಹಿಡಿದು ಜಗ್ಗಿದಳು.

"ಏನ್ ಮಾಡಾಕತ್ತಿ ನೀನು? ಹುಚ್ಚ ಹಿಡದೈತೇನ, ಶುಭ ಕಾರ್ಯದಾಗ?"

ಅಲ್ಲಿಯೇ, ಎಲ್ಲರ ನಡುವೆ, ಜಗಿದ ಎಲೆಯ ಚಿಗಳಿ ಅಂಗೈಯಲ್ಲಿ ಹಿಡಿದುಕೊಂಡು ಜಯವ್ವ ಹೇಳಿದಳು. ಕ್ಯಾನು, ತಮ್ಮ, ತೊಳೆಯದೆ ಇದ್ದದ್ದು, ತಾನು ಗಲಬರಿಸಿದ ನೀರನ್ನು ಗಿಡಕ್ಕೇ ಹಾಕಿದ್ದು, ರಾಣೆಬೆನ್ನೂರಿನ ಅಂಗಡಿಯವನು ಹೇಳಿದ್ದು. ಮಾತುಗಳು ಹಿಂದುಮುಂದಾಗಿ ಬಂದವು. ಆದರೆ ಒಂದನ್ನೂ ಬಿಡಲಿಲ್ಲ.

"ನಾ ಹೇಳಿದ್ದೆ," ಎಂದಳು ಕಾವೇರಿ ಮೆಲ್ಲಗೆ. "ನಾರತೈತಿ ಅಂತ ಹೇಳಿದ್ದೆ ನಾ." ಕೈ ಹೊಟ್ಟೆಯ ಮೇಲೆ ಹೋಗಿತ್ತು.

ಉಚ್ಚಂಗೆವ್ವ ಕೂಗಲಿಲ್ಲ. "ಯಾವಾಗಿಂದ ಗೊತ್ತೈತಿ ನಿನಗ?"

"ನಿನ್ನಿಯಿಂದ."

"ನಿನ್ನಿಯಿಂದ." ಉಚ್ಚಂಗೆವ್ವ ಆ ಶಬ್ದವನ್ನು ಬಾಯಲ್ಲಿ ಇಟ್ಟುಕೊಂಡು ನೋಡಿದಳು. "ನಿನ್ನಿ ಸಂಜಿಮುಂದ ಇಲ್ಲೇ ಕುಂತು ಚಹಾ ಕುಡದಿ. ಇಕಿ ಇಲ್ಲೇ ಕುಂತಿದ್ಲು. ಕುಡದಿ, ಲೋಟ ತೊಳದಿ, ಹ್ವಾದಿ. ಹೌದಿಲ್ಲೋ?"

ಕ್ಯಾನು ತಿಳಿಯದೆ ಆದ ತಪ್ಪು. ಚಹಾ ತಿಳಿದು ಮಾಡಿದ್ದು. ಮೊದಲನೆಯದಕ್ಕೆ ಒಂದು ಊರೇ ಪಾಲುದಾರ. ಎರಡನೆಯದು ಅವಳೊಬ್ಬಳದೇ, ಆ ಹಿಡಿತುಂಬ ಎಲೆಯೂ ಅವಳದೇ.

ಕಾರು ಬಂತು. ಬಳೆ ಒಂದೇ ಕೈಗೆ ತುಂಬಿತ್ತು. ಕಾವೇರಿಯನ್ನು ಹಾವೇರಿಯ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೊರಟರು. ಜಯವ್ವ ಚೀಟಿಯಿದ್ದ ಕ್ಯಾನು ತಂದು ಕಿಟಕಿಯಲ್ಲಿ ಒಡ್ಡಿದಳು. ಉಚ್ಚಂಗೆವ್ವ ಗಾಜು ಏರಿಸಿದಳು. ಜಯವ್ವ ಅದನ್ನು ಎದೆಗೆ ಅವುಚಿಕೊಂಡು ಬಸ್‌ಸ್ಟ್ಯಾಂಡಿಗೆ ಓಡಿದಳು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಉಚ್ಚಂಗೆವ್ವನನ್ನು ಕೇಳುತ್ತಿದ್ದರು: "ಯಾವ ಔಷಧರಿ? ಹೆಸರು?" ಉಚ್ಚಂಗೆವ್ವನಿಗೆ ಗೊತ್ತಿಲ್ಲ. ಆಗ ಬಾಗಿಲಲ್ಲಿ ಜಯವ್ವ ಬಂದು ನಿಂತಳು, ಕ್ಯಾನಿನೊಂದಿಗೆ. ಡಾಕ್ಟರಮ್ಮ ಚೀಟಿ ಓದಿದರು, ನರ್ಸಿಗೆ ಏನೋ ಹೇಳಿದರು. ಕೂಸಿನ ಎದೆಬಡಿತ ಕೇಳಿಸಿದರು. ರಕ್ತ ತೆಗೆದು ಹುಬ್ಬಳ್ಳಿಗೆ ಕಳಿಸಿದರು. ಕಾವೇರಿ ಕೆಲವು ದಿನ ಅಲ್ಲೇ ಇದ್ದಳು.

ರಕ್ತದ ಫಲಿತಾಂಶ ಬಂದಾಗ ಡಾಕ್ಟರಮ್ಮ ಹೇಳಿದ್ದು ಇಷ್ಟು: "ರಕ್ತದಾಗ ಒಂದು ಅಂಶ ಇರಬೇಕಾದ್ದಕ್ಕಿಂತ ಸ್ವಲ್ಪ ಕಡಿಮಿ ಐತಿ. ಈ ವಿಷ ಹೊಕ್ಕರೂ ಹಂಗಾಗತೈತಿ, ಬಸುರಿದ್ದಾಗ ತಾನಾಗೇನೂ ಹಂಗಾಗತೈತಿ. ಯಾವುದರಿಂದ ಅಂತ ಗಟ್ಟಿ ಹೇಳಾಕ ಬರಂಗಿಲ್ಲ. ಇನ್ನ ಮ್ಯಾಲ ಒಂದು ಎಲಿ ಹೋಗಬಾರದು. ತಪ್ಪದ ತೋರಸ್ಕೊಳ್ರಿ. ಕೂಸು ಈಗ ಆರಾಮ ಐತಿ."

ಈಗ ಎಂಬ ಆ ಶಬ್ದ ಎರಡು ಮನೆಗಳನ್ನೂ ಹಿಡಿದು ಆಡಿಸಿತು. ಹೆರಿಗೆಯ ತನಕ ಕಾಯಬೇಕು, ಬೇರೆ ದಾರಿಯಿಲ್ಲ. ಉಚ್ಚಂಗೆವ್ವ ಅಂಗಡಿಯಲ್ಲಿ ಬೇರೆ ರಾಶಿಗೆ ಹೋಗಿ ಕುಂತಳು. ಗೋಡೆಯ ಮೇಲೆ ಬಟ್ಟಲು ಓಡಾಡುವುದು ನಿಂತಿತು. ಕಾವೇರಿ ಹಿತ್ತಲಿಗೆ ಬಂದರೆ ಜಯವ್ವ ಒಳಗೆ ಹೋಗುತ್ತಿದ್ದಳು. ಹೋಗಿ ಬಾಗಿಲ ಸಂದಿಯಿಂದ ಅವಳ ನಡಿಗೆ, ಅವಳ ಬಣ್ಣ, ಅವಳ ಕಾಲಿನ ಬಾವು ನೋಡುತ್ತಿದ್ದಳು. ಓಣಿಯ ಕೆಲವರು ಅವಳ ಕೈಯಿಂದ ಏನೂ ಇಸಿದುಕೊಳ್ಳುವುದು ಬಿಟ್ಟರು. ಇನ್ನು ಕೆಲವರು ಬೇರೆ ಮಾತು ಆಡಿದರು: ಬಾಯಿ ಮುಚ್ಚಿಕೊಂಡು ಇದ್ದಿದ್ದರೆ ಯಾರಿಗೆ ತಿಳಿಯುತ್ತಿತ್ತು, ಸುಮ್ಮನೆ ಮೈಮೇಲೆ ಎಳೆದುಕೊಂಡಳು. ನಮ್ಮ ಊರುಗಳಲ್ಲಿ ಇದಕ್ಕೆ ಜಾಣತನ ಎನ್ನುತ್ತಾರೆ. ಈ ಜಾಣತನದ ಮೇಲೆಯೇ ಆ ಔಷಧದ ಅಂಗಡಿಗಳೆಲ್ಲ ನಡೆದಿರುವುದು.

ಕ್ಯಾನುಗಳು ಮಾತ್ರ ಎಲ್ಲಿಗೂ ಹೋಗಲಿಲ್ಲ. ಕಸದ ಗಾಡಿಯವರು ಮುಟ್ಟಲಿಲ್ಲ. ತಿರಕಪ್ಪ ಫೋನು ಎತ್ತುವುದನ್ನೇ ಬಿಟ್ಟ. ಗುಜರಿಯ ಅಸ್ಲಮ್ ಗಾಡಿ ನಿಲ್ಲಿಸಿ, ಮಿಕ್ಕ ಎರಡು ಕೊಯ್ಯದ ಕ್ಯಾನುಗಳ ಮೇಲೆ ಕಣ್ಣಿಟ್ಟ.

"ಇವ ಕೊಡ್ರಿ ಅಮ್ಮಾ. ತೊಳದ್ರ ಹೊಸಾವ ಆಗತಾವ. ನೀರಿಗೆ ಮಂದಿ ಕೇಳತಾರ."

ಜಯವ್ವ ಒಳಗಿನಿಂದ ಕುಡಗೋಲು ತಂದು, ಅವನ ಮುಂದೆಯೇ ಎರಡನ್ನೂ ಅಡ್ಡಕ್ಕೆ ಸೀಳಿದಳು. ಬದುಕಿನಲ್ಲಿ ಅವಳು ಏನನ್ನಾದರೂ ಮತ್ತೆ ಉಪಯೋಗಕ್ಕೆ ಬಾರದಂತೆ ಮಾಡಿದ್ದು ಅದೇ ಮೊದಲಿರಬೇಕು. ಸೀಳಿದ ಎಲ್ಲವನ್ನೂ ಚೀಲದಲ್ಲಿ ಕಟ್ಟಿ ಮೂಲೆಯಲ್ಲಿ ಇಟ್ಟಳು, ಇಂದಿಗೂ ಅಲ್ಲೇ ಇವೆ. ಎಲ್ಲಿ ಒಯ್ಯಬೇಕು ಎಂದು ಬಲ್ಲವರು ಇದ್ದರೆ ಅವಳಿಗೆ ಬಂದು ಹೇಳಲಿ.

ದಿನ ತುಂಬುವ ಮೊದಲೇ ಕಾವೇರಿಗೆ ಬೇನೆ ಬಂತು. ಹಾವೇರಿಗೆ ಒಯ್ದಿದ್ದಾರೆ ಎಂದು ಸಿಮ್ರಾನ ಬಂದು ಹೇಳಿದಳು. ಜಯವ್ವ ಕರೆಯದೆ ಹೋದಳು. ಹೆರಿಗೆ ವಾರ್ಡಿನ ಹೊರಗೆ, ಬಾಗಿಲಿಗೆ ದೂರದಲ್ಲಿ, ಕಂಬಕ್ಕೆ ಒರಗಿ ನಿಂತಳು. ಒಳಗಿನಿಂದ ಬೇರೆ ಬೇರೆ ಕೂಸುಗಳ ಅಳು ಬರುತ್ತಿತ್ತು. ಯಾವುದು ಯಾರದು ಎಂದು ತಿಳಿಯುವುದು ಹೇಗೆ? ಮಧ್ಯಾಹ್ನ ಉಚ್ಚಂಗೆವ್ವ ಹೊರಗೆ ಬಂದಳು. ಇವಳನ್ನು ನೋಡಿದಳು. ಜಯವ್ವ ಮುಂದೆ ಬರಲಿಲ್ಲ.

"ಕೂಸು ಅತ್ತೈತೇನಕ್ಕಾ?" ಎಂದಳು, ನಿಂತಲ್ಲಿಂದಲೇ.

ಉಚ್ಚಂಗೆವ್ವ ನೆಲ ನೋಡುತ್ತ ಹೇಳಿದಳು. "ಅತ್ತೈತಿ. ಹೆಣ್ಣು. ಸಣ್ಣದೈತಿ. ಬೆರಳು, ಕಣ್ಣು, ಎಲ್ಲಾ ನೋಡೇನಿ." ಆಮೇಲೆ, "ಮನಿಗೆ ಹೋಗು ನೀನು," ಎಂದಳು. ದನಿಯಲ್ಲಿ ಸಿಟ್ಟು ಇತ್ತೋ ಆಯಾಸ ಇತ್ತೋ ಜಯವ್ವನಿಗೆ ತಿಳಿಯಲಿಲ್ಲ. ಅವಳು ಹೋದಳು.

ಈಗ ಕೂಸು ಗೋಡೆಯಾಚೆ ಇದೆ. ತೂಕ ನಿಧಾನಕ್ಕೆ ಏರುತ್ತಿದೆ. ಮುಂದೆ ಕುಂದರುತ್ತದೆಯೋ, ನಡೆಯುತ್ತದೆಯೋ, ಮಾತು ಯಾವಾಗ ಬರುತ್ತದೆಯೋ ನೋಡುತ್ತಿರಬೇಕು ಎಂದಿದ್ದಾರೆ ಡಾಕ್ಟರಮ್ಮ. ಅದು ಬಹಳ ಅಳುವ ಕೂಸು. ಓಣಿಗೆಲ್ಲ ಅದರ ಕಿರಿಕಿರಿ. ಪಾಳಿ ಮುಗಿಸಿ ಹಗಲು ಮಲಗುವ ಬೀರಲಿಂಗಪ್ಪ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಾನೆ. ಜಯವ್ವ ಮಾತ್ರ ಆ ಅಳು ಕೇಳುವಷ್ಟು ಹೊತ್ತು ರೊಟ್ಟಿ ಬಡಿಯುತ್ತಾಳೆ, ಪಾತ್ರೆ ತಿಕ್ಕುತ್ತಾಳೆ. ಅದು ನಿಂತರೆ ಅವಳ ಕೈಯೂ ನಿಲ್ಲುತ್ತದೆ. ಹಿತ್ತಲ ಬಾಗಿಲಿಗೆ ಬಂದು, ಗೋಡೆಯ ಕಡೆ ಕಿವಿ ಕೊಟ್ಟು, ಮತ್ತೆ ಅಳುವ ತನಕ ನಿಂತಿರುತ್ತಾಳೆ.